ಸೆಸಿಲ್ ಕೋರ್ಟಿನಲ್ಲಿ ಸಿಕ್ಕ ರಾಕೆಟ್

ಲಂಡನ್ನಿನ ಸೆಸಿಲ್ ಕೋರ್ಟ್ ಒಂದು ಚಿಕ್ಕ ಓಣಿ. ಎರಡೂ ಕಡೆ ಹಳೇ ಪುಸ್ತಕ, ನಕ್ಷೆ, ಚಿತ್ರಗಳ ಅಂಗಡಿಗಳು. ಮೈಸೂರಿನಿಂದ ಬಂದಿದ್ದ ಗೆಳೆಯನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವನು ನಕ್ಷೆ ಹುಡುಕುತ್ತಿದ್ದ. ನಾನು ಸುಮ್ನೆ ಹಡಗಿನ ಚಿತ್ರಗಳ ಕಟ್ಟು ತಿರುವಿ ಹಾಕುತ್ತಿದ್ದೆ.

ಅದರಲ್ಲಿತ್ತು, 1843ರಲ್ಲಿ ಅಚ್ಚಾದ ಎಡ್ವರ್ಡ್ ಡಂಕನ್‌ನ ಅಕ್ವಾಟಿಂಟ್, ಅಂದರೆ ಲೋಹದ ತಗಡಿನಿಂದ ಒತ್ತಿದ ಅಚ್ಚುಚಿತ್ರ. ಬ್ರಿಟಿಷರಿಗೂ ಚೀನಾಕ್ಕೂ ನಡೆದ ಮೊದಲ ಅಫೀಮು ಯುದ್ಧದ ಚಿತ್ರ. 1841ರ ಜನವರಿ 7, ಚೀನಾದ ಪರ್ಲ್ ನದಿ ಸಮುದ್ರ ಸೇರುವ ಜಾಗ. ಚೀನೀಯರ ಜಂಕ್ ಹಡಗೊಂದು ಸಿಡಿದು ಚೂರಾಗುತ್ತಿದೆ. ಬಲಕ್ಕೆ, ದೂರದಲ್ಲಿ, ಹೊಗೆ ಬಿಡುತ್ತಾ ಇದೆ ಈಸ್ಟ್ ಇಂಡಿಯಾ ಕಂಪನಿಯ ನೆಮೆಸಿಸ್. ಕಬ್ಬಿಣದ ಮೈ, ಉಗಿ ಎಂಜಿನ್. ಆರಡಿ ನೀರಿದ್ದರೆ ಸಾಕು, ನುಗ್ಗುತ್ತಿತ್ತು. ಗಾಳಿಯ ಹಂಗೂ ಇಲ್ಲ. ದೊಡ್ಡ ಯುದ್ಧನೌಕೆ ಬರಲಾರದ ಆಳವಿಲ್ಲದ ನೀರೂ ಜಂಕ್‌ಗಳನ್ನು ಕಾಯಲಿಲ್ಲ.

ಅಂಗಡಿಯವರು ಭೂತಗನ್ನಡಿ ಕೊಟ್ಟರು. ಆಕಾಶವೆಲ್ಲ ಸಣ್ಣ ಚುಕ್ಕೆಗಳ ಬಲೆ. ಲೋಹದ ತಗಡಿಗೆ ರಾಳದ ಪುಡಿ ಉದುರಿಸಿ, ಆಮ್ಲ ತಿನ್ನಲು ಬಿಟ್ಟಾಗ ಬರುವ ಗುರುತು ಅದು. ಬಣ್ಣ ಮಾತ್ರ ಕೈಯಲ್ಲಿ ಹಚ್ಚಿದ್ದು. ಬೆಂಕಿಯ ಕೇಸರಿ ಗೆರೆ ದಾಟಿ ಹೊಗೆಗೂ ಹರಿದಿತ್ತು. ಹಚ್ಚಿದವರು ದಿನಕ್ಕೆ ಎಷ್ಟು ಸ್ಫೋಟಕ್ಕೆ ಬಣ್ಣ ಹಚ್ಚಬೇಕಿತ್ತೋ ಪಾಪ.

ಆ ಜಂಕ್ ಸಿಡಿದಿದ್ದು ನೆಮೆಸಿಸ್ ಹಾರಿಸಿದ ಕಾಂಗ್ರೀವ್ ರಾಕೆಟ್ಟಿನಿಂದ ಎಂದೆ. ಗೆಳೆಯ ತಲೆ ಎತ್ತಿದ. "ಅದು ನಮ್ದಲ್ವೇನೋ!"

ನಮ್ಮದೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಕಬ್ಬಿಣದ ಕೊಳವೆಯ ರಾಕೆಟ್‌ಗಳನ್ನು ಇಂಗ್ಲೆಂಡಿನ ವೂಲಿಚ್ ಶಸ್ತ್ರಾಗಾರಕ್ಕೆ ಒಯ್ದರು. ಅವನ್ನು ನೋಡಿಯೇ ವಿಲಿಯಂ ಕಾಂಗ್ರೀವ್ ತನ್ನದನ್ನು ಮಾಡಿದ. ಮೈಸೂರನ್ನು ಗೆದ್ದವರು ಮೈಸೂರಿನ ವಿದ್ಯೆ ಹಿಡಿದುಕೊಂಡು ಚೀನಾಕ್ಕೆ ಹೋಗಿದ್ದರು, ಅದೂ ಅಫೀಮು ಮಾರುವವರ ಪರವಾಗಿ.

ಗೆಳೆಯನಿಗೆ ಖುಷಿಯೋ ಖುಷಿ. ನನಗೆ ಆಗಲಿಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರಮನೆ ದರಿಯಾ ದೌಲತ್‌ನ ಗೋಡೆಚಿತ್ರ ನೆನಪಾಯಿತು. ಅಲ್ಲಿ ಮೈಸೂರು ಗೆದ್ದ 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷರ ಮದ್ದಿನ ಬಂಡಿ ಸಿಡಿಯುತ್ತದೆ, ಅವರ ದಂಡನಾಯಕ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತಿರುತ್ತಾನೆ. ಚಿಕ್ಕಂದಿನಲ್ಲಿ ಅದನ್ನು ನೋಡಿ ಕುಣಿದಾಡಿದ್ದೆ. ಎದುರಾಳಿಯ ಮದ್ದು ಸಿಡಿಯುವ ಗಳಿಗೆ ಅಂದರೆ ಗೆದ್ದವರಿಗೆ ಎಲ್ಲಿದ್ದರೂ ಪ್ರೀತಿ. ಆದರೆ ಗೋಡೆಯ ಚಿತ್ರ ನೋಡಲು ಅರಮನೆಗೇ ಹೋಗಬೇಕು. ಇದನ್ನು ಅಚ್ಚು ಹಾಕಿ ಮನೆಮನೆಗೆ ಮಾರಿದರು.

ಕೆಳಗಿನ ಬರಹವನ್ನೂ ಓದಿದೆವು. ನೆಮೆಸಿಸ್ ನಡೆಸಿದ ಹಾಲ್‌ನ ಹೆಸರಿದೆ. ಸಲ್ಫರ್, ಕಲಾಯೊಪಿ, ಲಾರ್ನ್, ಸ್ಟಾರ್ಲಿಂಗ್ ಹಡಗುಗಳ ಹೆಸರಿವೆ. ಉರಿದವು ಬರೀ 'ಚೀನೀ ಯುದ್ಧದ ಜಂಕ್‌ಗಳು'.

ಅದೇ ದಿನ ದಡದಲ್ಲಿ ಚುಯೆನ್‌ಪಿ ಕೋಟೆಗೂ ದಾಳಿಯಾಗಿತ್ತು. ಆ ಪಡೆಯಲ್ಲಿ 37ನೇ ಮದ್ರಾಸ್ ಪದಾತಿ ದಳದ ಸಿಪಾಯಿಗಳಿದ್ದರು, ನಮ್ಮ ಕಡೆಯ ಜನ. ಆ ತಿಂಗಳು ಮುಗಿಯುವ ಮೊದಲೇ ಹಾಂಗ್‌ಕಾಂಗ್ ಮೇಲೆ ಬ್ರಿಟಿಷ್ ಬಾವುಟ ಏರಿತು. ಕೋಟೆಯ ಕಡೆಯ ಚಿತ್ರ ಇದೆಯಾ ಎಂದು ಕೇಳಿದೆ. ಅಂಗಡಿಯವರು ತಲೆ ಅಲ್ಲಾಡಿಸಿದರು. ಹಡಗಿನವೇ ಜಾಸ್ತಿ ಖರ್ಚಾಗುತ್ತವಂತೆ.