ಆರನೆಯ ಮನುಷ್ಯ

"ನೀನು ನಿಂತಿದ್ದರೆ ನಾವು ಆರು ಜನ ಆಗುತ್ತಿದ್ದೆವು."

ಪಕ್ಕದ ಮನೆಯ ಅಜ್ಜಿ ಹೋದ ವಾರ ನಮ್ಮ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ ಅಂದ ಮಾತಿದು. ಬೈದದ್ದೇನಲ್ಲ, ಸುಮ್ನೆ ಅಂದದ್ದು. ಆದರೂ ಚುಚ್ಚಿತು.

ಅಜ್ಜಿ ಇಂಗ್ಲೆಂಡಿನ ಈ ಹಳ್ಳಿಯ ಪ್ಯಾರಿಷ್ ಕೌನ್ಸಿಲ್ ಸದಸ್ಯೆ. ನಮ್ಮ ಗ್ರಾಮ ಪಂಚಾಯಿತಿಯ ದೂರದ ಸಂಬಂಧಿ ಅನ್ನಿ. 1894ರ ಕಾನೂನಿನಿಂದ ಹುಟ್ಟಿದ್ದು, ಈಗ ದೇಶದಲ್ಲಿ ಸುಮಾರು 10,000 ಇವೆ. ಶಾಲೆ, ದೊಡ್ಡ ರಸ್ತೆ ಎಲ್ಲ ಮೇಲಿನ ಕೌನ್ಸಿಲ್‌ಗಳ ಪಾಲು. ಇವರಿಗೆ ಉಳಿದದ್ದು ಬೆಂಚು, ಆಟದ ಬಯಲು, ಸ್ಮಶಾನ, ನಾಯಿ ಹೇಲು ಹಾಕುವ ಡಬ್ಬಿ. ಆ ಡಬ್ಬಿ ಎಲ್ಲಿಡಬೇಕು ಅಂತ ಒಂದು ಗಂಟೆ ಚರ್ಚೆ ನಡೆದದ್ದನ್ನು ಅಜ್ಜಿಯೇ ನಗುತ್ತಾ ಹೇಳಿದ್ದರು.

ಇಷ್ಟು ಸಣ್ಣ ಕೌನ್ಸಿಲ್‌ಗೂ ಗುಣಮಟ್ಟದ ಸರ್ಟಿಫಿಕೇಟ್ ಉಂಟು. 2003ರಲ್ಲಿ 'ಕ್ವಾಲಿಟಿ ಪ್ಯಾರಿಷ್' ಅಂತ ಶುರುವಾಯಿತು. 2015ರಲ್ಲಿ ಹೊಸದಾಗಿ ಮೂರು ಮೆಟ್ಟಿಲು ಮಾಡಿದರು. ಬಜೆಟ್, ಸಭೆಯ ನಡಾವಳಿ, ಸದಸ್ಯರನ್ನು ಹಿಡಿಯುವುದು ಹೇಗೆ, ದೂರು ಕೊಡುವುದು ಹೇಗೆ, ಎಲ್ಲ ವೆಬ್‌ಸೈಟಿನಲ್ಲಿರಬೇಕು. ನಡುವಿನ ಮೆಟ್ಟಿಲು ಹತ್ತಬೇಕಾದರೆ ಕ್ಲರ್ಕ್ ಆ ಕೆಲಸದ ಪರೀಕ್ಷೆ ಪಾಸಾಗಿರಬೇಕು. ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲಾದರೂ ಚುನಾವಣೆಗೆ ನಿಂತು ಬಂದವರಾಗಿರಬೇಕು.

ಆ ಮೆಟ್ಟಿಲು ಹತ್ತಲು ಹೋದ ನಮ್ಮ ಹಳ್ಳಿಯ ಕೌನ್ಸಿಲ್ ಸಿಕ್ಕಿಬಿದ್ದದ್ದು ಇಲ್ಲೇ. ಇರುವುದು 9 ಸೀಟು. ನಾಮಪತ್ರ ಹಾಕಿದವರು 5 ಜನ. ಉಳಿದ ನಾಲ್ವರನ್ನು ಆಮೇಲೆ ಕೈಕಾಲು ಹಿಡಿದು ಕೂಡಿಸಿಕೊಂಡದ್ದು. ಕಾಗದ ಎಲ್ಲ ಸರಿ ಇತ್ತು, ಆರನೆಯ ಮನುಷ್ಯ ಇರಲಿಲ್ಲ.

"ನಂದು ಭಾರತದ ಪಾಸ್‌ಪೋರ್ಟ್" ಅಂದೆ.

"ಗೊತ್ತು. ಇಲ್ಲಿ ಕಾಯಂ ಇರಲು ಅನುಮತಿ ಇರುವ ಕಾಮನ್‌ವೆಲ್ತ್ ದೇಶದವರು ನಿಲ್ಲಬಹುದು, ನಿನಗದು ಇದೆಯಲ್ಲ" ಅಂದರು. ನನ್ನ ನೆಪ ಅಲ್ಲಿಗೆ ಮುಗಿಯಿತು.

ಮಾತು ತಿರುಗಿಸಲು ನಮ್ಮ ಕಡೆಯ ಕಥೆ ತೆಗೆದೆ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಕರ್ನಾಟಕದ ಕೆಲವು ಊರುಗಳಲ್ಲಿ ಸೀಟುಗಳೇ ಹರಾಜಾಗಿದ್ದವು, ಪೇಪರಿನಲ್ಲೆಲ್ಲ ಬಂದಿತ್ತು ಅಂದೆ. ಅಜ್ಜಿ ನಂಬಲೇ ಇಲ್ಲ. ಇಲ್ಲಿ ಪುಕ್ಕಟೆ ಕೊಟ್ಟರೂ ಯಾರಿಗೂ ಬೇಡ, ಅಲ್ವಾ.

ಒಂಬತ್ತು ವರ್ಷದ ಮಗಳು ಬಿಸ್ಕತ್ತು ತಿನ್ನುತ್ತಾ ಎಲ್ಲ ಕೇಳಿಸಿಕೊಂಡಿದ್ದಳು. "ಅಮ್ಮಾ, ಅಜ್ಜನ ಊರಿಗೆ ಸರ್ಟಿಫಿಕೇಟ್ ಇದೆಯಾ?"

ಅಜ್ಜನ ಊರು ಬಾಗಲಕೋಟೆ ಜಿಲ್ಲೆ ಹುನಗುಂದ ತಾಲೂಕಿನ ಎರೆಹೊಲದ ಹಳ್ಳಿ. ನಿಯಮಕ್ಕೇನು ಅಲ್ಲಿ ಕಡಿಮೆ ಇಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆ ಗ್ರಾಮ ಸಭೆ ಆಗಲೇಬೇಕು. ವರ್ಷಕ್ಕೊಮ್ಮೆ ಜಮಾಬಂದಿ, ಅಂದರೆ ಲೆಕ್ಕ ಜನರ ಮುಂದೆ ಇಡಬೇಕು. ಜವಾಬ್ದಾರಿಯೂ ದೊಡ್ಡದು: ಕುಡಿಯುವ ನೀರು, ಬೀದಿದೀಪ, ಆಶ್ರಯ ಮನೆ, ಉದ್ಯೋಗ ಖಾತ್ರಿ. ನಾಯಿ ಡಬ್ಬಿಯ ಮುಂದೆ ಇದು ಸಾಮ್ರಾಜ್ಯ.

ಆದರೆ ನನಗೆ ನೆನಪಾದದ್ದು ಒಂದು ರಿಜಿಸ್ಟರ್.

ಡಿಗ್ರಿ ಎರಡನೇ ವರ್ಷ, ರಜೆಗೆ ಊರಿಗೆ ಹೋಗಿದ್ದೆ. ಅವ್ವ ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತಿದ್ದಳು. ನೀರು ಬಿಡುವ ಹುಡುಗ ಬಗಲಲ್ಲಿ ಉದ್ದ ಪುಸ್ತಕ ಹಿಡಿದು ಬಂದ. "ಅಕ್ಕಾರ, ಗ್ರಾಮ ಸಭಾದ್ದರಿ. ಹೆಣ್ಮಕ್ಕಳ ಸಹಿ ಕಮ್ಮಿ ಬಿದ್ದಾವು, ಒಂದ್ ಹಾಕ್ರಿ."

ಅವ್ವ ಹೆಬ್ಬೆಟ್ಟು ಒತ್ತಿದಳು. ಶಾಯಿಯನ್ನು ಶೇಂಗಾ ಸಿಪ್ಪೆಗೆ ಒರೆಸಿ ಮತ್ತೆ ಒಡೆಯಲು ಕೂತಳು. ನಾನು ಇಂಗ್ಲಿಷಿನಲ್ಲಿ ಬಾಲ ಎಳೆದು ಸಹಿ ಹಾಕಿದೆ. ಆಗಷ್ಟೇ ರೂಢಿ ಮಾಡಿಕೊಂಡಿದ್ದ ಹೊಸ ಸಹಿ, ಎಲ್ಲಿ ಸಿಕ್ಕರೂ ಹಾಕುವ ಹುರುಪು. ಮೇಲೆ ಠರಾವು ಬರೆಯುವ ಜಾಗ ಖಾಲಿ ಇತ್ತು. ಸಭೆ ಆಯಿತೋ, ಆಗಬೇಕೋ ಅಂತಲೂ ನಾನು ಕೇಳಲಿಲ್ಲ. ನಮ್ಮ ಓಣಿಯ ಗಟಾರದ ಬಗ್ಗೆ ಅಪ್ಪ ದಿನಾ ಬೈಯುತ್ತಿದ್ದರು. ಅದೂ ಮನೆಯೊಳಗೆ ಕೂತೇ.

ಇದನ್ನೆಲ್ಲ ಮಗಳಿಗೆ ಹೇಳಲಿಲ್ಲ. "ಅಜ್ಜನ್ನೇ ಕೇಳು" ಅಂದೆ. ಭಾನುವಾರ ವಿಡಿಯೊ ಕಾಲ್‌ನಲ್ಲಿ ಕೇಳಿಯೇ ಬಿಟ್ಟಳು.

"ಸರ್ಟಿಫಿಕೇಟ್ ಗಿರ್ಟಿಫಿಕೇಟ್ ಗೊತ್ತಿಲ್ಲವಾ" ಅಂದರು ಅಪ್ಪ. "ಆದ್ರ ಗ್ರಾಮ ಸಭಾ ಆಗ್ತೈತಿ. ಮೊನ್ನೆನೂ ಆತು."

"ನೀವು ಹೋಗಿದ್ರಾ ಅಜ್ಜಾ?"

ಅಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಒಂದು ಗಾಜು ಆಯಿತು, ಇನ್ನೊಂದೂ ಆಯಿತು.

"ಸಹಿ ಮಾಡೀನವಾ."