ಸತ್ತ ಕೋಳಿ ಎಣಿಸುತ್ತಾ ಎಂಟು ದಿನ ಕಳೆದೆ

ಕೋಳಿ ಫಾರಂಗಳ ವೈದ್ಯನಾಗಿ ಕೆಲಸ ಶುರು ಮಾಡಿದ ಹೊಸತರಲ್ಲಿ ಯಾವ ಫಾರಂಗೆ ಹೋದರೂ ನನ್ನ ಮೊದಲ ಪ್ರಶ್ನೆ ಒಂದೇ: "ಇವತ್ತು ಎಷ್ಟು ಸತ್ತಿವೆ?" ಎರಡೋ ಮೂರೋ ಅಂದರೆ ನೆಮ್ಮದಿ. ಐದು ಸಾವಿರ ಲೇಯರ್ (ಮೊಟ್ಟೆ ಇಡುವ) ಕೋಳಿಗಳಿರುವ ಶೆಡ್ಡಿನಲ್ಲಿ ಅಷ್ಟು ಮಾಮೂಲು. ಆ ಪ್ರಶ್ನೆಯೇ ನನ್ನನ್ನು ದಾರಿ ತಪ್ಪಿಸಿತು.

ಆಗ ಹೋದ ಒಂದು ಫಾರಂನಲ್ಲಿ ಸಾಲಾಗಿ ಮೂರು ಶೆಡ್ಡುಗಳು. ಗೇಟಿಗೆ ಹತ್ತಿರದ ಮೂರನೇ ಶೆಡ್ಡಿನಲ್ಲಿ ದಿನಕ್ಕೆ 4,600ರ ಆಸುಪಾಸು ಬರುತ್ತಿದ್ದ ಮೊಟ್ಟೆ ಮೂರು ದಿನದಲ್ಲಿ 4,300ಕ್ಕೆ ಇಳಿದಿತ್ತು. ಸಾವು ನಾಲ್ಕು. ಅಲ್ಲೊಂದು ಇಲ್ಲೊಂದು ಕೋಳಿ ಪುಕ್ಕ ಕೆದರಿಕೊಂಡು ಕೂತಿತ್ತು, ಅಷ್ಟೇ. ಹಿಂದಿನ ವಾರವಷ್ಟೇ ಮೆಕ್ಕೆಜೋಳದ ಹೊಸ ಲೋಡ್ ಬಂದಿತ್ತು ಎಂದು ಯಜಮಾನರು ಹೇಳಿದರು. ಕಾರಣ ಸುಲಭವಾಗಿ ಕೈಗೆ ಸಿಕ್ಕಿತು, ಅದನ್ನೇ ಹಿಡಿದುಕೊಂಡೆ. ಫೀಡ್ ಬದಲಿಸಿ, ಕ್ಯಾಲ್ಸಿಯಂ ಹೆಚ್ಚಿಸಿ, ವಿಟಮಿನ್ ಕೊಡಿ ಎಂದೆ. ತಕ್ಕಡಿ ಹಿಡಿದು ಅಲ್ಲಿನ ಒಂದಷ್ಟು ಕೋಳಿ ತೂಗಿದೆ. ಹೋಲಿಕೆಗೆಂದು ಅದೇ ತಕ್ಕಡಿ, ಅದೇ ಬೂಟಿನಲ್ಲಿ ಒಂದನೇ ಶೆಡ್ಡಿಗೂ ಹೋಗಿ ತೂಗಿದೆ. ನಡುವಿನ ಎರಡನೇ ಶೆಡ್ಡಿನವರು ಮಾತ್ರ ಬಾಗಿಲಲ್ಲೇ ತಡೆದರು. "ಮೊಟ್ಟೆ ಇಡೋ ಹೊತ್ತು ಸರ್, ಬೆದರ್ತವೆ. ನಮ್ಮ ಕೋಳಿ ಸರಿಯಾಗೇ ಇವೆ." ಸ್ವಲ್ಪ ಅವಮಾನವಾಯಿತು, ಸುಳ್ಳು ಯಾಕೆ ಹೇಳಲಿ.

ಎಂಟನೇ ದಿನ ಮತ್ತೆ ಹೋದಾಗ ಮೂರನೇ ಶೆಡ್ಡಿನ ಮೊಟ್ಟೆ 2,900. ಟ್ರೇಗಳಲ್ಲಿ ಬಣ್ಣ ಕೆಟ್ಟವು, ಸೊಟ್ಟಗಾದವು, ಚಿಪ್ಪೇ ಇಲ್ಲದೆ ಮೆತ್ತಗೆ ಕೈಗೆ ಅಂಟುವಂಥವು. ಒಂದನೇ ಶೆಡ್ಡಿನಲ್ಲೂ ಇಳಿಕೆ ಶುರುವಾಗಿತ್ತು. ಸಾವು ಆಗಲೂ ಹತ್ತು ದಾಟಿರಲಿಲ್ಲ. ಆ ರಾತ್ರಿ ದೀಪ ಆರಿಸಿಸಿ ಶೆಡ್ಡಿನ ನಡುವೆ ಸುಮ್ಮನೆ ನಿಂತೆ. ಹಗಲಿನ ಗದ್ದಲದಲ್ಲಿ ಕೇಳದ್ದು ಕತ್ತಲಲ್ಲಿ ಕೇಳಿಸಿತು: ನೆಗಡಿ ಕಟ್ಟಿದವರು ಉಸಿರೆಳೆದ ಹಾಗೆ ಗೊರಗೊರ, ನಡುನಡುವೆ ಚಿಕ್ಕ ಸೀನು, ಶೆಡ್ಡಿನ ಈ ತುದಿಯಿಂದ ಆ ತುದಿವರೆಗೂ.

ಗಂಟಲಿನಿಂದಲೂ ಗುದದ್ವಾರದಿಂದಲೂ ಸ್ವಾಬ್ ತೆಗೆದು ಪಿಸಿಆರ್ ಪರೀಕ್ಷೆಗೆ ಕಳಿಸಿದೆ. ಅನುಮಾನ ಹಕ್ಕಿಜ್ವರದ ಮೇಲೆ. ಫಲಿತಾಂಶ ಬರುವವರೆಗೆ ನಿದ್ದೆ ಬರಲಿಲ್ಲ. ಎಚ್5 ಅಥವಾ ಎಚ್7 ಗುಂಪಿನದಾಗಿದ್ದರೆ ಕಥೆಯೇ ಬೇರೆ. ಹಕ್ಕಿಜ್ವರದ ವೈರಸ್ಸುಗಳಲ್ಲಿ ಸೌಮ್ಯವಾಗಿ ಬಂದು ಕೋಳಿಗಳ ನಡುವೆ ಸುತ್ತುತ್ತಾ ಮಾರಕ ರೂಪಕ್ಕೆ ತಿರುಗುವ ಚಾಳಿ ಕಂಡಿರುವುದು ಈ ಎರಡರಲ್ಲೇ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1983ರ ಏಪ್ರಿಲ್‌ನಲ್ಲಿ ಕಾಣಿಸಿಕೊಂಡ ಸೌಮ್ಯ ಎಚ್5ಎನ್2 ಅಕ್ಟೋಬರ್ ಹೊತ್ತಿಗೆ ಮಾರಕವಾಗಿ, ಸುಮಾರು 1.7 ಕೋಟಿ ಹಕ್ಕಿಗಳನ್ನು ಕೊಲ್ಲಬೇಕಾಯಿತು. ಇಟಲಿಯಲ್ಲಿ 1999ರಲ್ಲಿ ಎಚ್7ಎನ್1 ಕೂಡ ಹಾಗೇ, ತಿಂಗಳುಗಟ್ಟಲೆ ಸೌಮ್ಯವಾಗಿ ಓಡಾಡಿ ವರ್ಷದ ಕೊನೆಗೆ ಹಲ್ಲು ತೋರಿಸಿತು. ನಮ್ಮದು ಎಚ್9ಎನ್2, ಸೌಮ್ಯ ಬಗೆಯದು ಎಂದು ಬಂತು. ನೆಮ್ಮದಿಯ ಉಸಿರು ಬಿಟ್ಟೆ.

"ಸೌಮ್ಯ ಅಂತೀರಿ, ಮೊಟ್ಟೆ ಅರ್ಧಕ್ಕರ್ಧ ಹೋಯ್ತಲ್ಲ ಡಾಕ್ಟ್ರೇ" ಎಂದರು ಯಜಮಾನರು. ಅವರು ಹೇಳಿದ್ದು ಸರಿ. ಸೌಮ್ಯ ಎನ್ನುವುದು ಲ್ಯಾಬಿನ ಮಾತು. ಎಳೆಯ ಕೋಳಿಗಳ ರಕ್ತನಾಳಕ್ಕೆ ವೈರಸ್ ಚುಚ್ಚಿದಾಗ ಹತ್ತು ದಿನದಲ್ಲಿ ನೂರಕ್ಕೆ 75ರಷ್ಟು ಸತ್ತರೆ ಅದು ಮಾರಕ. ಅಷ್ಟು ಸಾಯದಿದ್ದರೆ, ಜೀನ್‌ನಲ್ಲೂ ಮಾರಕದ ಗುರುತು ಇಲ್ಲದಿದ್ದರೆ, ಸೌಮ್ಯ. ಫಾರಂನ ನಷ್ಟ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ವ್ಯತ್ಯಾಸ ಇರುವುದು ವೈರಸ್ಸಿನ ಮೈಮೇಲಿನ ಎಚ್ ಪ್ರೋಟೀನಿನ ಒಂದು ಸಣ್ಣ ಜಾಗದಲ್ಲಿ. ಕೋಳಿಯ ದೇಹದ್ದೇ ಕಿಣ್ವವೊಂದು ಆ ಜಾಗದಲ್ಲಿ ಪ್ರೋಟೀನನ್ನು ಸೀಳಿಕೊಟ್ಟರೆ ಮಾತ್ರ ವೈರಸ್ಸಿಗೆ ಮುಂದಿನ ಜೀವಕೋಶದೊಳಕ್ಕೆ ದಾರಿ. ಸೌಮ್ಯ ವೈರಸ್ಸನ್ನು ಸೀಳಬಲ್ಲ ಟ್ರಿಪ್ಸಿನ್ ಬಗೆಯ ಕಿಣ್ವ ಮುಖ್ಯವಾಗಿ ಉಸಿರಾಟದ ಮಾರ್ಗದಲ್ಲಿ ಮತ್ತು ಕರುಳಿನಲ್ಲಿ ಸಿಗುತ್ತದೆ, ಹಾಗಾಗಿ ಅದರ ಆಟ ಬಹುಪಾಲು ಅಲ್ಲಿಗೇ. ಮಾರಕ ವೈರಸ್ಸಿನ ಆ ಜಾಗವನ್ನು ಮೈಯ ಎಲ್ಲ ಕಡೆಯೂ ಇರುವ ಫ್ಯೂರಿನ್ ಎಂಬ ಕಿಣ್ವ ಸೀಳುತ್ತದೆ. ಮಿದುಳು, ಹೃದಯ ಯಾವುದನ್ನೂ ಬಿಡುವುದಿಲ್ಲ. ಶೆಡ್ಡಿನಲ್ಲಿ ಇದರ ಜೊತೆಗೆ ಇ-ಕೋಲಿ, ಮೈಕೋಪ್ಲಾಸ್ಮಾದಂಥ ಬ್ಯಾಕ್ಟೀರಿಯಾಗಳೂ ಕೂಡಿಕೊಂಡರೆ ಸೌಮ್ಯವೂ ಸೌಮ್ಯವಾಗಿ ಉಳಿಯುವುದಿಲ್ಲ, ಸಾವು ಏರುತ್ತದೆ. ಅಂಥ ಫಾರಂಗಳನ್ನೂ ಆಮೇಲೆ ನೋಡಿದ್ದೇನೆ.

ಹರಡುವ ವಿಷಯಕ್ಕೆ ಬಂದರೆ, ಸಾಯಿಸದಿರುವುದೇ ಇದರ ಅನುಕೂಲ. ಸತ್ತ ಕೋಳಿ ಕಣ್ಣಿಗೆ ಬೀಳುತ್ತದೆ, ಫೋನ್ ಬರುತ್ತದೆ, ಗೇಟ್ ಮುಚ್ಚುತ್ತಾರೆ. ಸಾಯದ ಕೋಳಿ ತಿನ್ನುತ್ತಾ ಕುಡಿಯುತ್ತಾ ವಾರವೋ ಹತ್ತು ದಿನವೋ ಸಿಂಬಳದಲ್ಲಿ, ಹಿಕ್ಕೆಯಲ್ಲಿ ವೈರಸ್ ಚೆಲ್ಲುತ್ತಿರುತ್ತದೆ. ಒಂದು ಕೋಳಿಗೆ ತಗುಲಿ ಲಕ್ಷಣ ಕಾಣಲು ಒಂದೆರಡು ದಿನ ಸಾಕು, ಆದರೆ ಇಡೀ ಶೆಡ್ಡಿನಲ್ಲಿ ನಮ್ಮ ಗಮನಕ್ಕೆ ಬರುವಷ್ಟು ಹಬ್ಬಲು ಎಷ್ಟೋ ದಿನ ಹಿಡಿಯುತ್ತದೆ. ಆ ದಿನಗಳಲ್ಲೇ ಟ್ರೇ, ಗೊಬ್ಬರ, ಫೀಡ್ ಲಾರಿ ಎಲ್ಲ ಓಡಾಡಿರುತ್ತವೆ. ಈ ವೈರಸ್ಸಿಗೆ ಕೊಬ್ಬಿನ ಹೊದಿಕೆ, ಸೋಪಿನ ನೀರಿಗೇ ಸಾಯುತ್ತದೆ. ಹಿಕ್ಕೆಯೊಳಗೆ ಅಡಗಿದರೆ ಮಾತ್ರ ಔಷಧಿಯೂ ಮುಟ್ಟುವುದಿಲ್ಲ, ತಂಪಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಗೇಟಿನ ಬಳಿ ಹಳೆಯ ಕಾಗದದ ಟ್ರೇಗಳ ಅಟ್ಟಿಯೇ ಇತ್ತು, ಒಣಗಿದ ಹಿಕ್ಕೆ ಅಂಟಿಕೊಂಡೇ ಇತ್ತು, ಅದರ ಮೇಲೆಯೇ ಔಷಧಿ ಸಿಂಪಡಿಸುತ್ತಿದ್ದರು. ಕಾಗದದ ಟ್ರೇ ತೊಳೆಯಲಾದರೂ ಹೇಗೆ?

ಮೂರರಿಂದ ಒಂದಕ್ಕೆ ಹಾರಿದ್ದು ನಡುವಿನ ಎರಡನ್ನು ಬಿಟ್ಟದ್ದೇಕೆ? ಗಾಳಿಯೇ ಒಯ್ದಿದ್ದರೆ ಹೀಗೆ ಆರಿಸಿ ಹೋಗುತ್ತಿರಲಿಲ್ಲ. ಹಾಜರಿ ಪುಸ್ತಕ ತೆರೆದಾಗ ಗೊತ್ತಾಯಿತು. ಮೂರಕ್ಕೂ ಒಂದಕ್ಕೂ ಮೇವು ಹಾಕುವವರು ಒಬ್ಬರೇ, ಎರಡಕ್ಕೆ ಬೇರೆಯವರು. ಇಬ್ಬರಿಗೂ ಯಾವುದೋ ಹಳೆಯ ಜಗಳ, ಒಬ್ಬರ ಬಕೆಟ್ ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಅದರ ಜೊತೆಗೆ ಎಂಟು ದಿನ ಹಿಂದಿನ ನನ್ನ ಬೂಟು, ನನ್ನ ತಕ್ಕಡಿ. ದಾಟಿಸಿದ್ದು ಅವರೋ ನಾನೋ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ದಿನಾಂಕಗಳಂತೂ ನನ್ನ ಭೇಟಿಗೆ ಸರಿಯಾಗೇ ಹೊಂದುತ್ತವೆ.

ಈಗ ನನ್ನ ಮೊದಲ ಪ್ರಶ್ನೆ ಮೊಟ್ಟೆಯದು, ಎರಡನೆಯದು ಕುಡಿದ ನೀರಿನದು. ತಕ್ಕಡಿ ಆಯಾ ಶೆಡ್ಡಿನದೇ ಇರಬೇಕು. ಎಚ್9 ಲಸಿಕೆ ಹಾಕಿಸಿದ ಫಾರಂಗಳಲ್ಲಿ ಇನ್ನೂ ಹುಷಾರು: ಲಸಿಕೆ ರೋಗವನ್ನು ತಗ್ಗಿಸುತ್ತದೆ, ಆದರೆ ವೈರಸ್ ಚೆಲ್ಲುವುದು ಪೂರ್ತಿ ನಿಲ್ಲುತ್ತದೆಂದು ನಂಬಬೇಡಿ. ಸದ್ದಿಲ್ಲದ ರೋಗ ಇನ್ನಷ್ಟು ಸದ್ದಿಲ್ಲದಾಗುತ್ತದೆ. 2013ರಲ್ಲಿ ಚೀನಾದಲ್ಲಿ ಎಚ್7ಎನ್9 ಬಂದಾಗ ಕೋಳಿಗಳಲ್ಲಿ ಲಕ್ಷಣವೇ ಇರಲಿಲ್ಲ, ಮನುಷ್ಯರು ಆಸ್ಪತ್ರೆ ಸೇರಿದ ಮೇಲೆ ಜನ ಕೋಳಿಗಳ ಕಡೆ ತಿರುಗಿ ನೋಡಿದ್ದು. ಅದಕ್ಕೆ ಒಳಗಿನ ಜೀನ್‌ಗಳನ್ನು ಕೊಟ್ಟದ್ದು ಇದೇ ಎಚ್9ಎನ್2.

ಮೂರು ವಾರ ಕಳೆದು ಪ್ರತಿ ಶೆಡ್ಡಿನಿಂದ ಇಪ್ಪತ್ತು ಕೋಳಿಗಳ ರಕ್ತ ತೆಗೆದೆವು. ಎರಡನೇ ಶೆಡ್ಡಿನವರು ಈ ಸಲ ಒಳಗೆ ಬಿಟ್ಟರು, ಬೂಟು ಬಿಚ್ಚಿಸಿ, ತಮ್ಮ ಶೆಡ್ಡಿನ ಚಪ್ಪಲಿ ಹಾಕಿಸಿ. ಮೂರರಲ್ಲಿ ಇಪ್ಪತ್ತಕ್ಕೆ ಇಪ್ಪತ್ತು, ಒಂದರಲ್ಲೂ ಇಪ್ಪತ್ತಕ್ಕೆ ಇಪ್ಪತ್ತು ಕೋಳಿಗಳಲ್ಲಿ ಎಚ್9 ಪ್ರತಿಕಾಯ, ಅಂದರೆ ಸೋಂಕು ತಗುಲಿದ್ದರ ಗುರುತು, ಇತ್ತು. ಎರಡರಲ್ಲಿ ಸೊನ್ನೆ. ಫೋನ್ ಮಾಡಿ ಅವರಿಗೇ ಹೇಳಿದೆ.

"ಆವತ್ತೇ ಹೇಳಿದ್ನಲ್ಲ ಸರ್, ನಮ್ಮ ಕೋಳಿ ಸರಿಯಾಗೇ ಇವೆ ಅಂತ" ಎಂದರು.