ಬಾರ್ ಆ್ಯಂಡ್ ರೆಸ್ಟೋರೆಂಟಿಗೆ ಯಾವ ಬಿಲ್ಲಿಂಗ್ ಸಿಸ್ಟಂ ಒಳ್ಳೆಯದು?

ಮಂಗಳೂರು, ಮಣಿಪಾಲದ ಕಡೆ ಹೊಸದಾಗಿ ಬಾರ್ ತೆರೆಯುವವರೂ ಹಳೆಯ ಕಂಪ್ಯೂಟರ್ ಬದಲಿಸುವವರೂ ಕೇಳುವುದು ಇದನ್ನೇ: "ಯಾವ ಪಿಒಎಸ್ (ಬಿಲ್ಲಿಂಗ್ ಸಿಸ್ಟಂ) ಹಾಕಿಸುವುದು?" ಒಂದು ಕಂಪನಿಯ ಹೆಸರು ಹೇಳಿದರೆ ಸಾಕು ಎಂಬ ಅವಸರ ಅವರಿಗೆ. ಬರೀ ಊಟ-ತಿಂಡಿಯ ಹೋಟೆಲಾದರೆ ಹೆಚ್ಚುಕಡಿಮೆ ಯಾವುದಾದರೂ ನಡೆಯುತ್ತದೆ. ಬಾರಿಗೆ ಹಾಗಲ್ಲ. ಬಾಟಲಿಯ ಲೆಕ್ಕ ಇಡಲು ಬಾರದ ಸಿಸ್ಟಂ ಎಷ್ಟು ಚೆಂದ ಕಂಡರೂ ಬೇಡ.

ಡೆಮೊ ಕೊಡಲು ಬಂದವರ ಕೈಯಲ್ಲಿ 750 ಎಂಎಲ್‌ನ ಒಂದು ಬಾಟಲಿಯನ್ನು ಸ್ಟಾಕಿಗೆ ಹಾಕಿಸಿ. ಅದರಿಂದ ಎರಡು ಲಾರ್ಜ್ (60 ಎಂಎಲ್), ಒಂದು ಸ್ಮಾಲ್ (30 ಎಂಎಲ್) ಬಿಲ್ ಮಾಡಿಸಿ. ಸ್ಟಾಕ್ ರಿಪೋರ್ಟಿನಲ್ಲಿ 600 ಎಂಎಲ್ ಕಾಣಬೇಕು. ಲಾರ್ಜ್, ಸ್ಮಾಲ್ ಎರಡಕ್ಕೂ ಬೇರೆ ಬೇರೆ ಸ್ಟಾಕ್ ತೋರಿಸಿದರೆ ಅದು ಬಾರಿಗೆಂದು ಬರೆದ ಸಾಫ್ಟ್‌ವೇರ್ ಅಲ್ಲ. ಫುಲ್ ಬಾಟಲಿಯಲ್ಲಿ ಹನ್ನೆರಡೂವರೆ ಲಾರ್ಜ್ ಬರುತ್ತದೆ, ಆ ಅರೆ ಪೆಗ್ ಯಾರ ಲೆಕ್ಕಕ್ಕೂ ಸೇರದೆ ದಿನವೂ ಜಗಳಕ್ಕೆ ಕಾರಣವಾಗುತ್ತದೆ. ಕೆಎಸ್‌ಬಿಸಿಎಲ್ (ಸರ್ಕಾರದ ಮದ್ಯ ಸಗಟು ನಿಗಮ) ಡಿಪೋದಿಂದ ಮಾಲು ಬರುವುದು ಕೇಸಿನಲ್ಲಿ: ಫುಲ್ ಆದರೆ 12, ಕ್ವಾರ್ಟರ್ (180 ಎಂಎಲ್) ಆದರೆ 48, 650 ಎಂಎಲ್ ಬಿಯರ್ 12. ಕೇಸ್ ಎಂದು ಬರೆದರೆ ಬಾಟಲಿಯಾಗಿ, ಬಾಟಲಿ ತೆರೆದ ಮೇಲೆ ಎಂಎಲ್ ಆಗಿ ಅದೇ ಲೆಕ್ಕ ಇಳಿಯಬೇಕು. ಬಿದ್ದು ಒಡೆದ ಬಿಯರಿಗೆ ವೇಸ್ಟೇಜ್ ಎಂಟ್ರಿ ಪ್ರತ್ಯೇಕ ಇರಬೇಕು. ಇಲ್ಲದಿದ್ದರೆ ಅದನ್ನು ಕಾಂಪ್ಲಿಮೆಂಟರಿ (ಗಿರಾಕಿಗೆ ಉಚಿತ) ಎಂದು ಬರೆದು ಮುಚ್ಚುತ್ತಾರೆ.

ರಾತ್ರಿ ಸ್ಟಾಕ್ ನೋಡುವಾಗ ತೆರೆದ ಬಾಟಲಿಗಳನ್ನು "ಅರ್ಧ, ಕಾಲು" ಎಂದು ಕಣ್ಣಳತೆಯಲ್ಲಿ ಬರೆಯಬೇಡಿ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು. ನಮ್ಮಲ್ಲಿ ಮಾರುವ ಶೇ. 42.8ರ ವಿಸ್ಕಿ, ರಮ್, ಬ್ರಾಂದಿಯ 60 ಎಂಎಲ್ ಸುಮಾರು 57 ಗ್ರಾಂ ತೂಗುತ್ತದೆ. ಪ್ರತಿ ಬ್ರ್ಯಾಂಡಿನ ಖಾಲಿ ಬಾಟಲಿಯ ತೂಕವನ್ನು ಒಮ್ಮೆ ಬರೆದಿಟ್ಟುಕೊಂಡರೆ ಉಳಿದದ್ದು ಕಳೆಯುವ ಲೆಕ್ಕ. (ಸಕ್ಕರೆ ಇರುವ ಲಿಕ್ಯೂರ್‌ಗಳು ಹೆಚ್ಚು ತೂಗುತ್ತವೆ, ಅವಕ್ಕೆ ಈ ಅಂಕಿ ಬೇಡ.) ಎಲ್ಲ ಬ್ರ್ಯಾಂಡಿನಲ್ಲೂ ಸ್ವಲ್ಪ ಸ್ವಲ್ಪ ಕಡಿಮೆ ಬಂದರೆ ಸುರಿಯುವ ಕೈ ಅಳತೆ ಮೀರುತ್ತಿದೆ ಎಂದರ್ಥ. ಒಂದೇ ಬ್ರ್ಯಾಂಡಿನಲ್ಲಿ ಸರಿಯಾಗಿ ಪೆಗ್ ಲೆಕ್ಕದಲ್ಲೇ ಕಡಿಮೆ ಬಂದರೆ ಬಿಒಟಿ (ಬಾರ್ ಕೌಂಟರಿಗೆ ಹೋಗುವ ಆರ್ಡರ್ ಚೀಟಿ) ಇಲ್ಲದೆ ಗ್ಲಾಸು ಹೊರಗೆ ಹೋಗಿದೆ. ಇನ್ನೊಂದು: ಅಬಕಾರಿ ವರ್ಷ ಶುರುವಾಗುವುದು ಜುಲೈ 1ಕ್ಕೆ, ಲೆಕ್ಕಪತ್ರದ ವರ್ಷ ಏಪ್ರಿಲ್ 1ಕ್ಕೆ. ರಿಪೋರ್ಟ್ ಎರಡೂ ತಾರೀಕಿನಿಂದ ಬರಬೇಕು.

ತೆರಿಗೆಯ ವಿಷಯ ಚಿಕ್ಕದು, ಆದರೆ ಸೆಟ್ಟಿಂಗ್ ತಪ್ಪುವುದು ಇಲ್ಲೇ. ಮದ್ಯಕ್ಕೆ ಜಿಎಸ್‌ಟಿ ಇಲ್ಲ. ಊಟಕ್ಕೆ, ಟೇಬಲಿಗೆ ಕೊಡುವ ಸೋಡಾಕ್ಕೆ ಶೇ. 5. ಆದ್ದರಿಂದ ಐಟಂ ಸೇರಿಸುವಾಗಲೇ ಎರಡು ಗುಂಪು ಮಾಡಿ. ಮದ್ಯ ಮಾರುವವರಿಗೆ ಕಾಂಪೋಸಿಷನ್ ಸ್ಕೀಮ್ (ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ಜಿಎಸ್‌ಟಿ ವ್ಯವಸ್ಥೆ) ಸಿಗುವುದಿಲ್ಲ. "ಕಾಂಪೋಸಿಷನ್‌ನಲ್ಲಿ ಸೆಟ್ ಮಾಡಿಕೊಡುತ್ತೇನೆ" ಎನ್ನುವ ಸೇಲ್ಸ್‌ನವನಿಗೆ ಬಾರಿನ ವ್ಯವಹಾರ ಗೊತ್ತಿಲ್ಲ. ಸ್ವಿಗ್ಗಿ, ಝೊಮ್ಯಾಟೊ ಆರ್ಡರುಗಳ ಊಟದ ತೆರಿಗೆಯನ್ನು 2022ರ ಜನವರಿ 1ರಿಂದ ಅವರೇ ಕಟ್ಟುತ್ತಾರೆ, ಹಾಗಾಗಿ ಆ ಮಾರಾಟ ಬೇರೆ ಕಾಣಿಸಬೇಕು. ಸರ್ವಿಸ್ ಚಾರ್ಜ್ ತಾನಾಗಿ ಬಿಲ್ಲಿಗೆ ಸೇರುವ ಸೆಟ್ಟಿಂಗ್ ಇದ್ದರೆ ತೆಗೆಸಿಬಿಡಿ.

ಇನ್ನು ಅಡುಗೆಮನೆಯ ಪ್ರಿಂಟರ್. ಕೌಂಟರಿಗೆ 80 ಎಂಎಂ ಥರ್ಮಲ್ (ಬಿಸಿಯಿಂದ ಅಕ್ಷರ ಮೂಡಿಸುವ) ಪ್ರಿಂಟರ್ ಸರಿ. ತವಾದ ಬಿಸಿಗೆ ಹತ್ತಿರ ಇಟ್ಟರೆ ಅದೇ ಕಾಗದ ಕಪ್ಪಾಗಿ ಕೆಒಟಿ (ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ) ಓದಲು ಬರುವುದಿಲ್ಲ. ಒಲೆಯ ಬದಿಗೆ ರಿಬ್ಬನ್ ಹಾಕುವ ಡಾಟ್ ಮ್ಯಾಟ್ರಿಕ್ಸ್ ಒಳ್ಳೆಯದು. ಎಪ್ಸನ್ ಟಿಎಂ-ಯು220ರಂಥವು ಕೆಂಪಿನಲ್ಲೂ ಮುದ್ರಿಸುತ್ತವೆ, ರದ್ದಾದ ಐಟಂ ದೂರಕ್ಕೇ ಕಾಣುತ್ತದೆ. ಸದ್ದೂ ಆಗುತ್ತದೆ, ಗಡಿಬಿಡಿಯ ಹೊತ್ತಿನಲ್ಲಿ ಆ ಸದ್ದೇ ಉಪಕಾರ. ಕನ್ನಡದಲ್ಲಿ ಕೆಒಟಿ ಬೇಕೆನ್ನುವವರು ಒಂದು ಗಮನಿಸಿ: ಈ ಪ್ರಿಂಟರುಗಳೊಳಗೆ ಸಾಮಾನ್ಯವಾಗಿ ಕನ್ನಡ ಅಕ್ಷರ ಇರುವುದಿಲ್ಲ, ಸಾಫ್ಟ್‌ವೇರ್ ಅದನ್ನು ಚಿತ್ರವಾಗಿ ಕಳಿಸಬೇಕು. ಥರ್ಮಲ್‌ನಲ್ಲಿ ಅದು ಚೊಕ್ಕವಾಗಿ ಬರುತ್ತದೆ, ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ನಿಧಾನ, ಅಕ್ಷರವೂ ಒಡೆಯುತ್ತದೆ. ಅಲ್ಲಿ ಇಂಗ್ಲಿಷ್ ಅಕ್ಷರದಲ್ಲೇ "Kane Rava Fry" ಎಂದು ಬರೆದರೆ ಸಾಕು.

ಕಾಣೆ ಎಂದಾಗ ನೆನಪಾಯಿತು, ಸೈಜ್ ನೋಡಿ ರೇಟು ಹೇಳುವ ಮೀನಿಗೆ ಹೆಚ್ಚಿನವರು ಓಪನ್ ಪ್ರೈಸ್ ಇಡುತ್ತಾರೆ. ಕ್ಯಾಪ್ಟನ್ (ಆರ್ಡರ್ ತೆಗೆದುಕೊಳ್ಳುವವ) ಟೈಪ್ ಮಾಡಿದ್ದೇ ಬೆಲೆ! ಅದರ ಬದಲು ಮಾಂಜಿ, ಕಾಣೆ, ಅಂಜಲ್‌ಗೆ ಸಣ್ಣದು, ಮಧ್ಯಮ, ದೊಡ್ಡದು ಎಂದು ಮೂರು ಬಟನ್ ಮಾಡಿ, ಬೆಳಿಗ್ಗೆ ಧಕ್ಕೆಯ (ಮೀನುಗಾರಿಕಾ ಬಂದರಿನ) ರೇಟು ನೋಡಿ ಮಾಲೀಕರೇ ಬದಲಿಸಲಿ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ಬಂದ್ ಇರುವಾಗ ಇದನ್ನು ದಿನವೂ ಮಾಡಬೇಕಾಗಬಹುದು. ಮೊಬೈಲಿನಿಂದಲೇ ರೇಟು ಬದಲಿಸಲು ಬರುತ್ತದೆಯೇ ಎಂದು ಕೇಳಿಕೊಳ್ಳಿ.

ಕ್ಲೌಡ್ ಸಿಸ್ಟಂ ಮಾರುವವರೆಲ್ಲ "ಆಫ್‌ಲೈನಲ್ಲೂ ಓಡುತ್ತದೆ" ಎನ್ನುತ್ತಾರೆ. ಬಿಲ್ ಬರುವುದು ಒಂದು, ಕ್ಯಾಪ್ಟನ್ ಫೋನಿನಿಂದ ಅಡುಗೆಮನೆಗೆ ಕೆಒಟಿ ಹೋಗುವುದು ಇನ್ನೊಂದು. ರೌಟರಿನಿಂದ ಹೊರಗಿನ ನೆಟ್ ವಯರ್ ಕಿತ್ತು, ರೌಟರ್ ಆನ್ ಇರುವಾಗಲೇ ಆರ್ಡರ್ ಹಾಕಿಸಿ ನೋಡಿ. ಎರಡು ಕೌಂಟರ್ ಇದ್ದರೆ ಎರಡರಲ್ಲೂ ಬಿಲ್ ಮಾಡಿ, ನೆಟ್ ಮತ್ತೆ ಹಾಕಿದ ಮೇಲೆ ಒಂದೇ ನಂಬರಿನ ಎರಡು ಬಿಲ್ ಆಗಿದೆಯೇ ಪರೀಕ್ಷಿಸಿ. ವರ್ಷದೊಳಗೆ ಬಿಲ್ ನಂಬರ್ ಮರುಕಳಿಸುವಂತಿಲ್ಲ, 16 ಅಕ್ಷರ ಮೀರುವಂತೆಯೂ ಇಲ್ಲ. ಪ್ರಿಂಟರುಗಳಿಗೆ ವೈಫೈ ಬೇಡ, ಲ್ಯಾನ್ ಎಳೆಸಿ. ರೌಟರಿಗೂ ಕಂಪ್ಯೂಟರಿಗೂ ಪುಟ್ಟ ಯುಪಿಎಸ್ ಇಡಿ, ಇನ್ವರ್ಟರ್ ತಡವಾಗಿ ಹಿಡಿದರೆ ಎರಡೂ ರೀಸ್ಟಾರ್ಟ್ ಆಗುತ್ತವೆ. ಮೇ, ಅಕ್ಟೋಬರ್ ತಿಂಗಳ ಸಿಡಿಲಿಗೆ ಮೊದಲು ಹಾಳಾಗುವುದು ಕಟ್ಟಡದ ಹೊರಗಿನಿಂದ ತಂದ ಲ್ಯಾನ್ ವಯರಿನ ಪೋರ್ಟು.

ಕೆಒಟಿ ಹೋದ ಮೇಲೆ ಐಟಂ ತೆಗೆಯಲು ಮ್ಯಾನೇಜರ್ ಪಾಸ್‌ವರ್ಡ್ ಮತ್ತು ಕಾರಣ ಎರಡೂ ಕೇಳಬೇಕು. ಬಿಲ್ ಪ್ರಿಂಟಾದ ಮೇಲೆ ಅಳಿಸಿದ್ದು, ಮತ್ತೆ ಪ್ರಿಂಟ್ ಮಾಡಿದ್ದು ಲಾಗಿನಲ್ಲಿ ಉಳಿಯಬೇಕು, ಅದನ್ನು ಅಳಿಸುವ ಅಧಿಕಾರ ಮಾಲೀಕರಿಗೂ ಇರಬಾರದು. ದಿನದ ಲೆಕ್ಕ ಮಧ್ಯರಾತ್ರಿ ಹನ್ನೆರಡಕ್ಕೆ ಮುರಿಯದೆ ನಸುಕಿನ ನಾಲ್ಕಕ್ಕೆ ಮುಗಿಯುವಂತೆ ಇಡಿಸಿ, ಇಲ್ಲವಾದರೆ ಶನಿವಾರದ ಗಲ್ಲಾ ಎಂದೂ ಸರಿಹೋಗದು.

ಹಣ ಕೊಡುವ ಮುಂಚೆ ಚಂದಾ ಮುಗಿದ ಮರುದಿನ ಏನಾಗುತ್ತದೆ ಎಂದು ಬರೆಸಿಕೊಳ್ಳಿ. ಹಳೆಯ ಬಿಲ್ಲು, ಸ್ಟಾಕ್, ಐಟಂ ಪಟ್ಟಿ ಮೂರನ್ನೂ ಎಕ್ಸೆಲ್‌ಗೆ ಇಳಿಸಿಕೊಳ್ಳಲು ಬರಬೇಕು, ಡೆಮೊದಲ್ಲೇ ಇಳಿಸಿ ತೆರೆದು ನೋಡಿ.